ಶೇಂಗಾದೊಳಗೆ ಗೋಧಿ ಎಲ್ಲಿಂದ ಬಂತು?

(ಮನೆಯಲ್ಲೇ ತಿಂಡಿ ತಯಾರಿಸಿ ಮಾರುವ ಮಹಿಳೆಯರಿಗಾಗಿ ಕೊಪ್ಪಳದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನಿಗೆ ಗ್ಲುಟೆನ್ ಎನ್ನುತ್ತಾರೆ. ಶೇಂಗಾದಲ್ಲಿ ಗ್ಲುಟೆನ್ ಇಲ್ಲ. ಬಾದಾಮಿ, ಗೋಡಂಬಿ, ಪಿಸ್ತಾ, ಅಕ್ರೋಟು ಇವುಗಳಲ್ಲೂ ಇಲ್ಲ. ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಇರುತ್ತದೆ. ಗೋಧಿಯಿಂದಾದ ಮೈದಾ, ರವೆ, ಶಾವಿಗೆ ಎಲ್ಲದರಲ್ಲೂ ಇರುತ್ತದೆ. ಜವೆಗೋಧಿ, ಅಂದರೆ ಖಪ್ಲಿ ಗೋಧಿ, ಹಳೆಯ ತಳಿ, ಅದು ನಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ನಡೆಯುವುದಿಲ್ಲ. ಜವೆಗೋಧಿಯೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ.

ಹಾಗಾದರೆ ಮಸಾಲಾ ಶೇಂಗಾ ಮಾಡುವವರಿಗೆ ಚಿಂತೆ ಏನು ಎಂದು ನೀವು ಕೇಳಬಹುದು. ಕಾಳು ಶುದ್ಧವಾಗಿಯೇ ಮನೆಗೆ ಬರುತ್ತದೆ. ಹಿಂಗಿನ ಡಬ್ಬಿ, ಗಿರಣಿ, ಕರಿದ ಎಣ್ಣೆ, ಜರಡಿ ಈ ನಾಲ್ಕು ದಾರಿಯಲ್ಲಿ ನಾವೇ ಅದಕ್ಕೆ ಗೋಧಿ ಸೇರಿಸುತ್ತೇವೆ. ಇವತ್ತು ಹೆಚ್ಚು ಹೊತ್ತು ಇದನ್ನೇ ಮಾತಾಡುತ್ತೇನೆ. ಉಳಿದದ್ದು ಹುರಿಯುವ ಹದ ಮತ್ತು ಮಸಾಲೆ ಹಾಕುವ ಹೊತ್ತು.

ಮೊದಲು, ಇದು ಯಾರಿಗೆ ಬೇಕು ಎಂಬ ಮಾತು. ಸೀಲಿಯಾಕ್ ಎನ್ನುವ ಕಾಯಿಲೆ ಇದ್ದವರಿಗೆ ಗ್ಲುಟೆನ್ ಸ್ವಲ್ಪ ಹೊಟ್ಟೆಗೆ ಹೋದರೂ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ತಿಂದ ಅನ್ನದ ಸತ್ವ ಮೈಗೆ ಹತ್ತುವುದಿಲ್ಲ. ಮಕ್ಕಳಾದರೆ ಬೆಳವಣಿಗೆ ಕುಂಠಿತವಾಗುತ್ತದೆ, ರಕ್ತಹೀನತೆ ಬರುತ್ತದೆ. ಅವರು ಜೀವನಪೂರ್ತಿ ಗೋಧಿಯನ್ನು ಬಿಡಬೇಕು. ನಮ್ಮ ಕಡೆ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಅನ್ನ ಉಣ್ಣುವ ಮನೆಯಲ್ಲಿ ಊಟಕ್ಕೆ ಅಷ್ಟು ತೊಂದರೆ ಆಗುವುದಿಲ್ಲ. ತೊಂದರೆ ಬರುವುದು ಸಂಜೆಯ ಕುರುಕಲಿಗೆ. ಅಂಗಡಿಯ ಖಾರಾ, ಬಿಸ್ಕತ್ತು, ಶಂಕರಪೋಳಿ ಯಾವುದನ್ನೂ ಅವರು ಮುಟ್ಟುವಂತಿಲ್ಲ. ಅಂಥ ಮನೆಯವರು ನಿಮ್ಮ ಪಾಕೀಟು ಕೊಳ್ಳುವಾಗ ನಿಮ್ಮನ್ನು ನಂಬಿ ಕೊಳ್ಳುತ್ತಾರೆ.

ಈ ಕಾಯಿಲೆ ಇಲ್ಲದವರಿಗೆ, ಗೋಧಿಯಿಂದ ಬೇರೆ ತೊಂದರೆಯೂ ಇಲ್ಲದವರಿಗೆ, ಗ್ಲುಟೆನ್ ಬಿಟ್ಟರೆ ಹೆಚ್ಚಿನ ಲಾಭವಿಲ್ಲ. ಲಾಭವಿದೆ ಎಂದು ಗಿರಾಕಿಗೆ ಹೇಳಿ ಮಾರಬೇಡಿ. ಶೇಂಗಾದ ಗುಣ ಬೇರೆ ಇದೆ, ಅದನ್ನು ಹೇಳಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, 8 ಗ್ರಾಂ ನಾರು, 49 ಗ್ರಾಂ ಕೊಬ್ಬು ಇದೆ. ಕೊಬ್ಬಿನ ದೊಡ್ಡ ಪಾಲು ಒಳ್ಳೆಯ ಜಾತಿಯದು. ಆದರೆ ಅದೇ 100 ಗ್ರಾಂ ತಿಂದರೆ 560 ಕ್ಯಾಲರಿ ದಾಟುತ್ತದೆ. ದಿನಕ್ಕೆ ಒಂದು ಹಿಡಿ, ಅಂದರೆ 30 ಗ್ರಾಂ, ಅಷ್ಟೇ ಹೇಳಿ. ಪಾಕೀಟನ್ನೂ 30 ಗ್ರಾಮಿನದೇ ಮಾಡಿದರೆ ಇನ್ನೂ ಒಳ್ಳೆಯದು.

ಈಗ ಲೆಕ್ಕ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಒಂದು ತಿನಿಸನ್ನು ಗ್ಲುಟೆನ್ ರಹಿತ ಎನ್ನಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. 20 ಮಿಲಿಗ್ರಾಂ ಅಂದರೆ ಎಷ್ಟು? ಮೈದಾದಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್ ಎಂದು ಹಿಡಿಯಿರಿ. ಹಾಗಿದ್ದರೆ 200 ಮಿಲಿಗ್ರಾಂ ಮೈದಾ ಬಿದ್ದರೆ ಒಂದು ಕಿಲೋ ಶೇಂಗಾ ಕೆಟ್ಟಿತು. 200 ಮಿಲಿಗ್ರಾಂ ಅಂದರೆ ಎರಡು ಬೆರಳ ತುದಿಗೆ ಬರುವ ಚಿಟಿಕೆ ಹಿಟ್ಟು.

ಈ ಚಿಟಿಕೆಯನ್ನು ನೆನಪಿಟ್ಟುಕೊಂಡು ಹಿಂಗಿನ ಡಬ್ಬಿ ತೆಗೆಯಿರಿ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನು ಹಾಕಿದ್ದಾರೆ ಎಂದು ಬರೆದಿರುತ್ತದೆ. ಬಹಳಷ್ಟು ಡಬ್ಬಿಗಳ ಮೇಲೆ ಗೋಧಿ ಹಿಟ್ಟು ಅಥವಾ ಮೈದಾ, ಅಂಟು, ಆಮೇಲೆ ಹಿಂಗು ಎಂದು ಇರುತ್ತದೆ. ನಿಜವಾದ ಹಿಂಗು ಗಿಡದ ಬೇರಿನಿಂದ ಒಸರುವ ಅಂಟು. ಅದು ಬಹಳ ಘಾಟು, ಅದನ್ನು ಹಾಗೇ ಬಳಸಲು ಬರುವುದಿಲ್ಲ, ಪುಡಿಯೂ ಆಗುವುದಿಲ್ಲ. ಅದಕ್ಕೇ ಹಿಟ್ಟಿನ ಜೊತೆ ಕಲಸಿ ಮಾರುತ್ತಾರೆ. ಇದು ಕಲಬೆರಕೆ ಅಲ್ಲ, ಕಾನೂನೇ ಒಪ್ಪಿದ ಪದ್ಧತಿ. ಆದರೆ ನಮ್ಮ ಲೆಕ್ಕಕ್ಕೆ ನೋಡಿ: ಒಂದು ಕಿಲೋ ಶೇಂಗಾಕ್ಕೆ 2 ಗ್ರಾಂ ಹಿಂಗಿನ ಪುಡಿ ಹಾಕುತ್ತೀರಿ, ಅದರಲ್ಲಿ ಅರ್ಧ ಗೋಧಿ ಹಿಟ್ಟು ಎಂದರೂ 1 ಗ್ರಾಂ ಹಿಟ್ಟು, ಅಂದರೆ ಸುಮಾರು 100 ಮಿಲಿಗ್ರಾಂ ಗ್ಲುಟೆನ್. ನಿಯಮದ ಮಿತಿಗೆ ಐದು ಪಟ್ಟು. ಕಡಲೆ ಹಿಟ್ಟನ್ನು ಎಷ್ಟು ಜೋಪಾನ ಮಾಡಿದರೂ ಒಂದೇ ಚಮಚ ಹಿಂಗು ಎಲ್ಲವನ್ನೂ ನೀರಿನಲ್ಲಿ ಹೋಮ ಮಾಡಿಬಿಡುತ್ತದೆ.

ಹಿಂಗಿನ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ದಿನಾ ಒಗ್ಗರಣೆಗೆ ಹಾಕುವ ಈ ಪದಾರ್ಥವನ್ನು ನಮ್ಮ ದೇಶ ಬಹುಕಾಲ ಪೂರ್ತಿ ಹೊರಗಿನಿಂದಲೇ ತರಿಸಿಕೊಂಡಿದೆ, ಹೆಚ್ಚಾಗಿ ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದರ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಚಳಿಯ ಮರುಭೂಮಿಯ ಗಿಡ ಅದು, ಫಸಲಿಗೆ ಬರಲು ಐದು ವರ್ಷ ಬೇಕು. ಹಾಗಾಗಿ ಅಗ್ಗದ ಶುದ್ಧ ಹಿಂಗು ಸಿಗುತ್ತದೆ ಎಂದು ಕಾಯುವುದು ಬೇಡ. ಅಕ್ಕಿ ಹಿಟ್ಟಿನಲ್ಲಿ ಕಲಸಿದ ಹಿಂಗು ಸಿಗುತ್ತದೆ, ಡಬ್ಬಿ ಓದಿ ತನ್ನಿ. ಅಥವಾ ಹಿಂಗನ್ನೇ ಬಿಟ್ಟು ಬಳ್ಳೊಳ್ಳಿ ಹಾಕಿ. ಶೇಂಗಾಕ್ಕೆ ಬಳ್ಳೊಳ್ಳಿ ಒಗ್ಗುವಷ್ಟು ಹಿಂಗು ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಶೇಂಗಾ ಹಿಂಡಿಯ ರುಚಿಗೆ ಬಳ್ಳೊಳ್ಳಿಯೇ ಆಧಾರ ಅಲ್ಲವೇ?

ಗಿರಣಿಗೆ ಬರೋಣ. ಹಿಟ್ಟು ಹಚ್ಚಿದ ಶೇಂಗಾಕ್ಕೆಂದು ಕಡಲೆಬೇಳೆ ಬೀಸಲು ಗಿರಣಿಗೆ ಕೊಡುತ್ತೀರಿ. ನಿಮಗಿಂತ ಮುಂಚೆ ಗೋಧಿ ಬೀಸಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಚೀಲದಲ್ಲಿ ಉಳಿದ ಗೋಧಿ ಹಿಟ್ಟು ನಿಮ್ಮ ಹಿಟ್ಟಿಗೆ ಬರುತ್ತದೆ. ಮೊದಲು ಬಂದ ಒಂದೆರಡು ಕಿಲೋ ಬೇರೆ ತೆಗೆದಿಟ್ಟರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸೀಲಿಯಾಕ್ ಇದ್ದವರಿಗೆ ಮಾಡುವುದಾದರೆ ಸಂಘದ ಹತ್ತು ಜನ ಸೇರಿ ಒಂದು ಸಣ್ಣ ಗಿರಣಿ ಕೊಳ್ಳಿ, ಅದಕ್ಕೆ ಗೋಧಿ ಹಾಕಲೇಬೇಡಿ. ಅಷ್ಟು ಆಗದಿದ್ದರೆ ಹಿಟ್ಟಿಲ್ಲದ ಶೇಂಗಾ ಮಾಡಿ, ಅದನ್ನು ಈಗ ಹೇಳುತ್ತೇನೆ. ಅಂಗಡಿಯ ಬಿಡಿ ಕಡಲೆ ಹಿಟ್ಟು, ತಯಾರು ಚಾಟ್ ಮಸಾಲಾ ಎರಡೂ ಬೇಡ. ಎಣ್ಣೆಯ ಮಾತೂ ಹೀಗೆಯೇ: ಮೈದಾದ ಖಾರಾ ಕರಿದ ಎಣ್ಣೆಯಲ್ಲಿ ಶೇಂಗಾ ಕರಿದರೆ ಎಣ್ಣೆಯ ತಳದ ಕರಿ ಪುಡಿಯ ಜೊತೆ ಗ್ಲುಟೆನ್ ಬರುತ್ತದೆ. ಕಾಯಿಸಿದರೆ ಅದು ನಾಶವಾಗುವುದಿಲ್ಲ. ಜರಡಿ, ಮೊರ, ಕಟ್ಟಿಗೆಯ ಸೌಟು ಈ ಕೆಲಸಕ್ಕೆ ಬೇರೆಯೇ ಇರಲಿ. ಜರಡಿಯ ಕಣ್ಣಿನಲ್ಲಿ ಕೂತ ಹಿಟ್ಟನ್ನು ತೊಳೆದು ತೆಗೆಯುವುದು ಕಷ್ಟ. ಮಂಡಾಳು ಭಟ್ಟಿಗೆ ಶೇಂಗಾ ಕೊಟ್ಟು ಹುರಿಸುವವರು, ಅದೇ ಉಸುಕಿನಲ್ಲಿ ಗೋಧಿ ಹುರಿಯುತ್ತಾರೋ ಎಂದು ಕೇಳಿ ತಿಳಿದುಕೊಳ್ಳಿ.

ಇನ್ನು ಕಾಳು. ಮುಂಗಾರಿನ ಶೇಂಗಾ ಅಕ್ಟೋಬರ್, ನವೆಂಬರಿನಲ್ಲಿ ಬರುತ್ತದೆ. ತುಂಗಭದ್ರಾ ಕಾಲುವೆಯ ನೀರಿದ್ದ ಕಡೆ, ಬೋರಿದ್ದ ಕಡೆ ಬೇಸಿಗೆ ಬೆಳೆ ಮಾರ್ಚಿನಿಂದ ಮೇ ತನಕ ಬರುತ್ತದೆ. ಬೇಸಿಗೆಯ ಕಾಳು ಬಿಸಿಲಿಗೆ ಚೆನ್ನಾಗಿ ಒಣಗಿರುತ್ತದೆ, ಹುರಿಯಲು ಅದೇ ನನಗೆ ಹೆಚ್ಚು ಇಷ್ಟ. ಮುಂಗಾರಿನದು ಕೀಳುವ ಹೊತ್ತಿಗೆ ಮಳೆಗೆ ಸಿಕ್ಕಿದ್ದರೆ ಬೂಸ್ಟಿನ ಭಯ. ಆ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಯಕೃತ್ತಿಗೆ ಕೆಟ್ಟದ್ದು, ಕ್ಯಾನ್ಸರಿಗೂ ಕಾರಣ. ಹುರಿದರೆ ಸ್ವಲ್ಪ ಕಡಿಮೆಯಾದೀತು, ಹೋಗುವುದಿಲ್ಲ. ಆದ್ದರಿಂದ ಕಾಳು ಆರಿಸುವುದು ಚಂದಕ್ಕಲ್ಲ. ಮುರುಟಿದ್ದು, ಸಿಪ್ಪೆ ಕಪ್ಪಾದದ್ದು, ಹುಳ ಕೊರೆದದ್ದು, ಮೊಳಕೆಯ ಕಡೆ ಹಸಿರು ಪುಡಿ ಹಿಡಿದದ್ದು ಎಲ್ಲ ತೆಗೆಯಿರಿ. ತೆಗೆದದ್ದನ್ನು ಏನು ಮಾಡುತ್ತೀರಿ? ಬಹಳ ಮನೆಗಳಲ್ಲಿ ಹಿಂಡಿಗೆ ಹಾಕುತ್ತಾರೆ, ಎಮ್ಮೆಗೆ ಹಾಕುತ್ತಾರೆ. ಎರಡೂ ತಪ್ಪು. ಪುಡಿ ಮಾಡಿದರೆ ವಿಷ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಎಮ್ಮೆ ತಿಂದರೆ ಅದರ ಒಂದು ಪಾಲು ಹಾಲಿನಲ್ಲಿ ಇಳಿದು ಮಕ್ಕಳ ಲೋಟಕ್ಕೆ ಬರುತ್ತದೆ. ಸುಟ್ಟುಬಿಡಿ ಅಥವಾ ಹುಗಿಯಿರಿ.

ಗಾತ್ರ ಒಂದೇ ಇರಲಿ. ದಪ್ಪ ಕಾಳು, ಸಣ್ಣ ಕಾಳು ಕೂಡಿಸಿ ಹುರಿದರೆ ಸಣ್ಣದು ಕಪ್ಪಾಗುವ ಹೊತ್ತಿಗೆ ದಪ್ಪದರ ಒಳಗೆ ಹಸಿ ಇರುತ್ತದೆ.

ಹುರಿಯುವ ಕ್ರಮ ಬರೆದುಕೊಳ್ಳಿ. ಒಂದು ಕಿಲೋ ಆರಿಸಿದ ಕಾಳು. 100 ಮಿಲಿ ಬಿಸಿನೀರಿಗೆ 15 ಗ್ರಾಂ ಉಪ್ಪು, ಅರ್ಧ ಚಮಚ ಅರಿಶಿಣ ಕರಗಿಸಿ ಕಾಳಿನ ಮೇಲೆ ಚಿಮುಕಿಸಿ, ಎರಡೂ ಕೈಯಿಂದ ಮೇಲೆ ಕೆಳಗೆ ಮಾಡಿ, ಅರ್ಧ ಗಂಟೆ ಮುಚ್ಚಿಡಿ. ನೀರು ಪೂರ್ತಿ ಕಾಳಿಗೆ ಹತ್ತಬೇಕು, ತಳದಲ್ಲಿ ನಿಲ್ಲಬಾರದು. ಆಮೇಲೆ ತೆಳ್ಳಗೆ ಬಟ್ಟೆಯ ಮೇಲೆ ಹರವಿ, ಮುಟ್ಟಿದರೆ ಕೈಗೆ ತೇವ ಹತ್ತದಷ್ಟು ಆರಿಸಿ. ನಮ್ಮ ಬಿಸಿಲಿಗೆ ನೆರಳಿನಲ್ಲೇ ಒಂದು ಗಂಟೆ ಸಾಕು, ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಎರಡು ಗಂಟೆ ಬೇಕು. ಉಪ್ಪು ಒಳಗೆ ಹೋಗಲೆಂದು ಈ ಕೆಲಸ. ಹುರಿದ ಮೇಲೆ ಉಪ್ಪು ಹಾಕಿದರೆ ನಾಲಿಗೆಗೆ ಬರೀ ಮೇಲೆ ಹತ್ತುತ್ತದೆ, ಅದಕ್ಕೇ ಇನ್ನೂ ಹಾಕುತ್ತೀರಿ.

ದಪ್ಪ ಕಬ್ಬಿಣದ ಬಾಣಲಿಯಲ್ಲಿ ಒಂದು ಕಿಲೋ ಹರಳುಪ್ಪು ಹಾಕಿ ಹತ್ತು ನಿಮಿಷ ಕಾಯಿಸಿ. ಕಾಲು ಕಿಲೋ ಕಾಳು ಹಾಕಿ, ಮಧ್ಯಮ ಉರಿಯಲ್ಲಿ ಕೈ ಬಿಡದೆ ಆಡಿಸಿ. ಆರರಿಂದ ಎಂಟು ನಿಮಿಷ. ಒಂದೇ ಸಲಕ್ಕೆ ಪೂರ್ತಿ ಕಿಲೋ ಹಾಕಿದರೆ ಉಪ್ಪಿನ ಬಿಸಿ ಇಳಿದು ಕಾಳು ಹುರಿಯುವ ಬದಲು ಬೇಯುತ್ತದೆ. ಮೊದಲು ಚಟಪಟ ಸದ್ದು ಬರುತ್ತದೆ, ಅದು ಜೋರಾಗಿ ಆಮೇಲೆ ಕಡಿಮೆಯಾಗುತ್ತದೆ. ಕಡಿಮೆಯಾದ ಹೊತ್ತಿಗೆ ಒಂದು ಕಾಳು ತೆಗೆದು ಬೆರಳಲ್ಲಿ ಉಜ್ಜಿ, ಸಿಪ್ಪೆ ಜಾರಬೇಕು. ಎರಡು ಹೋಳು ಮಾಡಿ ಒಳಮುಖ ನೋಡಿ. ಹೊರಗಿನ ಬಣ್ಣ ನೋಡಿದರೆ ಮೋಸ ಹೋಗುತ್ತೀರಿ. ಒಳಮುಖ ಹಸಿ ಬಿಳಿ ಇದ್ದರೆ ಇನ್ನೂ ಬೇಕು, ತೆಳು ಹೊಂಬಣ್ಣ ಬಂದರೆ ಆ ಕ್ಷಣ ಜರಡಿಗೆ ಸುರಿಯಬೇಕು. ಕಂದು ಬರುವ ತನಕ ಕಾದರೆ, ಹೊರಗೆ ಬಂದ ಮೇಲೂ ಒಳಗಿನ ಬಿಸಿಯಲ್ಲಿ ಎರಡು ಮೂರು ನಿಮಿಷ ಹುರಿಯುತ್ತಲೇ ಇರುವ ಕಾಳು ಕಹಿಯಾಗುತ್ತದೆ. ಬಿಸಿ ಇದ್ದಾಗ ತಿಂದು ಮೆತ್ತಗಿದೆ ಎಂದು ಮತ್ತೆ ಬಾಣಲಿಗೆ ಹಾಕಬೇಡಿ. ಗರಿ ಬರುವುದು ಆರಿದ ಮೇಲೆ. ಓವನ್ ಇದ್ದವರು 150 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಇಡಿ, ನಡುವೆ ಎರಡು ಸಲ ತಟ್ಟೆ ಆಡಿಸಿ.

ಒಂದು ಕಿಲೋ ಹಸಿ ಕಾಳು ಹುರಿದ ಮೇಲೆ ಸುಮಾರು 940 ಗ್ರಾಂ ಉಳಿಯುತ್ತದೆ, ಸಿಪ್ಪೆ ತೆಗೆದರೆ ಇನ್ನೂ 30 ಗ್ರಾಂ ಹೋಗುತ್ತದೆ. ದರ ಹಾಕುವಾಗ ಈ ತೂಕ ಹಿಡಿಯಿರಿ. ಸಿಪ್ಪೆಯಲ್ಲೂ ನಾರಿದೆ, ತೆಗೆಯಲೇಬೇಕೆಂದಿಲ್ಲ. ಆದರೆ ಸಿಪ್ಪೆ ಇದ್ದ ಕಾಳಿಗೆ ಮಸಾಲೆ ನಿಲ್ಲುವುದು ಕಡಿಮೆ.

ಮಸಾಲೆಗೆ ಈ ಅಳತೆ: ಬ್ಯಾಡಗಿ ಮೆಣಸಿನಕಾಯಿ ಪುಡಿ 15 ಗ್ರಾಂ, ಗುಂಟೂರಿನದು 5 ಗ್ರಾಂ, ಹುರಿದ ಜೀರಿಗೆ ಪುಡಿ 6 ಗ್ರಾಂ, ಆಮಚೂರ್ 8 ಗ್ರಾಂ, ಕರಿಮೆಣಸಿನ ಪುಡಿ 3 ಗ್ರಾಂ, ಕರಿ ಉಪ್ಪು 4 ಗ್ರಾಂ. ಬೇಕಿದ್ದರೆ ಸಕ್ಕರೆ ಪುಡಿ 8 ಗ್ರಾಂ, ಹುಳಿ ಖಾರವನ್ನು ಅದು ಕೂಡಿಸುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಬ್ಯಾಡಗಿ ಒಂದೇ ಹಾಕಿದರೆ ನಮ್ಮ ಭಾಗದ ನಾಲಿಗೆಗೆ ಸಪ್ಪೆ. ಮೆಣಸಿನಕಾಯಿ ನೀವೇ ಒಣಗಿಸಿ ಮಿಕ್ಸರಿನಲ್ಲಿ ಪುಡಿ ಮಾಡಿ.

ಬಾಣಲಿಯಲ್ಲಿ 25 ಮಿಲಿ ಶೇಂಗಾ ಎಣ್ಣೆ ಕಾಯಿಸಿ, ಜಜ್ಜಿದ ಬಳ್ಳೊಳ್ಳಿ 30 ಗ್ರಾಂ ಹಾಕಿ, ಪೂರ್ತಿ ಕಂದಾಗಿ ಗರಿಯಾಗುವ ತನಕ ಸಣ್ಣ ಉರಿಯಲ್ಲಿ ಇಡಿ. ಒಳಗೆ ಮೆತ್ತಗಿದ್ದರೆ ಆ ತೇವ ಮೂರೇ ದಿನದಲ್ಲಿ ಇಡೀ ಡಬ್ಬಿಯನ್ನು ಮೆತ್ತಗೆ ಮಾಡುತ್ತದೆ. ಕರಿಬೇವನ್ನು ಹಿಂದಿನ ದಿನವೇ ತೊಳೆದು ಆರಿಸಿರಿ, ಮುರಿದರೆ ಚೂರಾಗುವಷ್ಟು ಹುರಿಯಿರಿ. ಒಲೆ ಆರಿಸಿ ಒಂದು ನಿಮಿಷ ಬಿಟ್ಟು ಮಸಾಲೆ ಹಾಕಿ, ಕೂಡಲೇ ಕಾಳು ಸುರಿದು ಆಡಿಸಿ. ಈ ಹೊತ್ತಿಗೆ ಕಾಳಿನ ಬಿಸಿ ಹೇಗಿರಬೇಕು? ಕೈಯಲ್ಲಿ ಹಿಡಿದರೆ ತಾಳುವಷ್ಟು. ಹೊಗೆಯಾಡುವ ಎಣ್ಣೆಗೆ ಮೆಣಸಿನಪುಡಿ ಬಿದ್ದರೆ ಕಪ್ಪಾಗಿ ಕಹಿಯಾಗುತ್ತದೆ, ಮನೆಯವರೆಲ್ಲ ಕೆಮ್ಮುತ್ತಾರೆ. ಪೂರ್ತಿ ತಣ್ಣಗಾದ ಕಾಳಿಗೆ ಹಾಕಿದರೆ ಪುಡಿ ಹಿಡಿಯದೆ ಪಾಕೀಟಿನ ತಳ ಸೇರುತ್ತದೆ. ಲಿಂಬೆಹಣ್ಣಿನ ರಸ ಹಿಂಡಬೇಡಿ. ತಿನ್ನುವ ಹೊತ್ತಿಗೆ ಉಳ್ಳಾಗಡ್ಡಿ, ಕೊತ್ತಂಬರಿ ಜೊತೆ ಹಿಂಡಿಕೊಂಡರೆ ಬಹಳ ರುಚಿ, ಇಡುವ ಶೇಂಗಾಕ್ಕೆ ಮಾತ್ರ ಹುಳಿ ಒಣಗಿದ್ದೇ ಇರಬೇಕು.

ಹಿಟ್ಟು ಹಚ್ಚಿದ ಶೇಂಗಾ ಬೇಕೆನ್ನುವವರಿಗೆ: ಒಂದು ಕಿಲೋ ಹಸಿ ಕಾಳಿಗೆ ಕಡಲೆ ಹಿಟ್ಟು 300 ಗ್ರಾಂ, ಅಕ್ಕಿ ಹಿಟ್ಟು 120 ಗ್ರಾಂ, ಮೆಣಸಿನಪುಡಿ 25 ಗ್ರಾಂ, ಉಪ್ಪು 18 ಗ್ರಾಂ, ಅಜವಾನ 5 ಗ್ರಾಂ. ಹಿಟ್ಟನ್ನು ಭಜಿಯ ಹಾಗೆ ಕಲಸಬೇಡಿ. ಕಾಳಿನ ಮೇಲೆ ನೀರು ಚಿಮುಕಿಸಿ ಒದ್ದೆ ಮಾಡಿ, ಅರ್ಧ ಹಿಟ್ಟು ಉದುರಿಸಿ ಆಡಿಸಿ, ಮತ್ತೆ ನೀರು, ಮತ್ತೆ ಹಿಟ್ಟು. ಒಟ್ಟು ನೀರು 150 ಮಿಲಿಯ ಆಸುಪಾಸು. ಒಂದೊಂದು ಕಾಳೂ ಬೇರೆ ಬೇರೆ ಇರಬೇಕು. ಐದು ನಿಮಿಷ ಬಿಟ್ಟು 160 ಡಿಗ್ರಿ ಎಣ್ಣೆಯಲ್ಲಿ ಐದಾರು ನಿಮಿಷ ಕರಿಯಿರಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಕಾಳು ಬಿಡಿ, ತಳ ಮುಟ್ಟಿ ನಿಧಾನ ಮೇಲೆ ಬಂದರೆ ಸರಿ. ಬಿದ್ದ ಕೂಡಲೇ ತೇಲಿ ಬಣ್ಣ ತಿರುಗಿದರೆ ಎಣ್ಣೆ ಹೆಚ್ಚು ಕಾದಿದೆ, ಹಿಟ್ಟು ಕೆಂಪಾಗಿ ಒಳಗಿನ ಕಾಳು ಹಸಿ ಉಳಿಯುತ್ತದೆ. ಸೋಡಾ ಹಾಕಿದರೆ ಎಣ್ಣೆ ಹೀರುತ್ತದೆ. ಅಕ್ಕಿ ಹಿಟ್ಟು ಹೆಚ್ಚಾದರೆ ಕಲ್ಲಿನಂತೆ ಗಟ್ಟಿ. ಅಕ್ಕಿಯ ಬದಲು ಜೋಳದ ಹಿಟ್ಟು ಹಾಕಬಹುದು, 50 ಗ್ರಾಂ ತನಕ. ಅದಕ್ಕಿಂತ ಹೆಚ್ಚಾದರೆ ಬಾಯಿಗೆ ಉಸುಕು ಉಸುಕು. ಆರೋಗ್ಯದ ತಿಂಡಿ ಎಂದು ಮಾರುವುದಾದರೆ ಮಾತ್ರ ಮೊದಲು ಹೇಳಿದ ಹುರಿದ ಶೇಂಗಾವೇ ಸರಿ, ಇದು ಹಬ್ಬಕ್ಕೆ.

ಗೋಡಂಬಿ, ಬಾದಾಮಿ ಸೇರಿಸುವವರು ಬೇರೆ ಬೇರೆ ಹುರಿದು ಕಡೆಗೆ ಕೂಡಿಸಿ. ಗೋಡಂಬಿಗೆ ಉರಿ ಇನ್ನೂ ಸಣ್ಣದಿರಬೇಕು, ಬೇಗ ಕೆಂಪಾಗುತ್ತದೆ. ಪುಟಾಣಿ ಹುರಿದೇ ಬಂದಿರುತ್ತದೆ, ಸ್ವಲ್ಪ ಬೆಚ್ಚಗೆ ಮಾಡಿದರೆ ಸಾಕು.

ಎಷ್ಟು ದಿನ ಇರುತ್ತದೆ? ಇದಕ್ಕೆ ಉತ್ತರ ನಮ್ಮ ಬಿಸಿಲಿನ ಕೈಯಲ್ಲಿದೆ. ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕಾಳಿನಲ್ಲಿ ಅರ್ಧದಷ್ಟು ಎಣ್ಣೆ, ಬಿಸಿ, ಬೆಳಕು, ಗಾಳಿ ಮೂರೂ ಸೇರಿ ಆ ಎಣ್ಣೆ ಕಮಟಾಗುತ್ತದೆ. ಹಸಿ ಕಾಳಿಗಿಂತ ಹುರಿದದ್ದು ಬೇಗ ಕಮಟಾಗುತ್ತದೆ. ಆದ್ದರಿಂದ ದಾಸ್ತಾನು ಮಾಡುವುದಾದರೆ ಕಾಯಿ ಒಡೆಯದೆ ಇಡಿ, ವಾರಕ್ಕೆ ಬೇಕಾದಷ್ಟು ಒಡೆದು ಹುರಿಯಿರಿ. ಬೇಸಿಗೆಯಲ್ಲಿ ಮೂರು ವಾರದ ಮೇಲೆ ಮಾರಬೇಡಿ. ಇದಕ್ಕೆ ತಳಿಯಲ್ಲೇ ಒಂದು ಉಪಾಯ ಬಂದಿದೆ: ಗಿರ್ನಾರ್ 4, ಗಿರ್ನಾರ್ 5 ಎಂಬ ಶೇಂಗಾ ತಳಿಗಳ ಎಣ್ಣೆಯಲ್ಲಿ ಬೇಗ ಕೆಡದ ಒಲೀಕ್ ಆಮ್ಲ ಸುಮಾರು 80 ಪ್ರತಿಶತ ಇರುವುದರಿಂದ ಕಮಟಾಗುವುದು ಬಹಳ ನಿಧಾನ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಜುನಾಗಢದ ಶೇಂಗಾ ಸಂಶೋಧನಾ ಕೇಂದ್ರ ಸೇರಿ ಮಾಡಿದ ತಳಿಗಳು ಇವು. ನಿಮ್ಮ ಮನೆಯಲ್ಲೇ ಹೊಲವಿದ್ದರೆ ಬೀಜ ವಿಚಾರಿಸಿ.

ತೆಳು ಪ್ಲಾಸ್ಟಿಕ್ ಕವರಿಗೆ ಮೇಣಬತ್ತಿಯಿಂದ ಬೆಸುಗೆ ಹಾಕಿದರೆ ಗಾಳಿ, ತೇವ ಎರಡೂ ಒಳಗೆ ಹೋಗುತ್ತವೆ. ಒಳಗೆ ಬೆಳ್ಳಿ ಬಣ್ಣದ ಪದರವಿರುವ ದಪ್ಪ ಕವರು ತನ್ನಿ, ಬೆಸುಗೆ ಯಂತ್ರದಿಂದ ಮುಚ್ಚಿ. ಕಾಳು ಪೂರ್ತಿ ಆರಿದ ಮೇಲೆಯೇ ತುಂಬಿ. ಬೆಚ್ಚಗಿದ್ದಾಗ ತುಂಬಿದರೆ ಒಳಗೆ ಬೆವರುತ್ತದೆ.

ಚೀಟಿಯ ಮೇಲೆ ಶೇಂಗಾ ಇದೆ ಎಂದು ಅಲರ್ಜಿ ಸೂಚನೆ ಕಡ್ಡಾಯವಾಗಿ ಹಾಕಬೇಕು, ಕೆಲವರಿಗೆ ಶೇಂಗಾವೇ ಪ್ರಾಣಾಪಾಯ ತರುತ್ತದೆ. ಪುಟ್ಟ ಮಕ್ಕಳಿಗೆ ಇಡೀ ಕಾಳು ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನೂ ಬರೆಯಿರಿ. "ಗ್ಲುಟೆನ್ ರಹಿತ" ಎಂಬ ಮಾತನ್ನು ಮಾತ್ರ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಅಚ್ಚು ಹಾಕಿಸಬೇಡಿ. ಪರೀಕ್ಷೆಗೆ ಕಳಿಸುವಾಗ ಚೆನ್ನಾಗಿ ಬಂದ ಒಂದು ಪಾಕೀಟನ್ನು ಆರಿಸಿ ಕಳಿಸುವುದರಿಂದ ಪ್ರಯೋಜನವಿಲ್ಲ. ಬೇರೆ ಬೇರೆ ದಿನ ಮಾಡಿದ ಪಾಕೀಟುಗಳಿಂದ ಒಂದೊಂದು ಹಿಡಿ ತೆಗೆದು ಕೂಡಿಸಿ ಕಳಿಸಿ, ತಳದಲ್ಲಿ ಉಳಿದ ಮಸಾಲೆ ಪುಡಿಯನ್ನೂ ಬಿಡದೆ ಸೇರಿಸಿ. ಗೋಧಿ ಸೇರಿದ್ದರೆ ಮೊದಲು ಆ ಪುಡಿಯಲ್ಲೇ ಸಿಗುತ್ತದೆ.